ಮದುವೆ ಊರಲ್ಲೋ ಇಂಗ್ಲೆಂಡಿನಲ್ಲೋ: ಸಂಗಾತಿ ವೀಸಾ ಪಡೆದ ನನ್ನ ಅನುಭವ

ಕಳೆದ ತಿಂಗಳು ನಾನು ಇಂಗ್ಲೆಂಡಿನ ಲೀಡ್ಸ್‌ಗೆ ಬಂದೆ. ಗಂಡ ಬ್ರಿಟಿಷ್ ಪ್ರಜೆ. ನಾನು ಮಲೆನಾಡಿನ ಸಣ್ಣ ಊರಿನವಳು. ಬೆಂಗಳೂರಿನಲ್ಲಿ ಒಂದೇ ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವಾಗ ಪರಿಚಯವಾಯಿತು. ಅವನು ವಾಪಸ್ ಹೋದ ಮೇಲೂ ಸಂಬಂಧ ಉಳಿಯಿತು. ಮದುವೆಯಾಗುವುದು ಅಂತ ಬೇಗನೆ ತೀರ್ಮಾನವಾಯಿತು. ಎಲ್ಲಿ ಆಗುವುದು ಅನ್ನುವುದಕ್ಕೆ ಮಾತ್ರ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು.

ಆಗ ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ವಕೀಲರ ಭಾಷೆಯಲ್ಲಿ ಇತ್ತು. ಅಪ್ಪ ಅಮ್ಮನಿಗೆ ಓದಿ ಹೇಳಲು ಕನ್ನಡದಲ್ಲಿ ಏನೂ ಸಿಗಲಿಲ್ಲ. ಮದುವೆ ಬರೀ ಇಬ್ಬರ ಲೆಕ್ಕಾಚಾರ ಅಲ್ಲ ಅಲ್ವಾ? ಮನೆಯವರಿಗೂ ಅರ್ಥವಾಗಬೇಕು. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಇಲ್ಲಿರುವ ವೀಸಾ ಶುಲ್ಕಗಳು 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದವು. ಇವು ಆಗಾಗ ಏರುತ್ತಲೇ ಇರುತ್ತವೆ. ದುಡ್ಡು ಕಟ್ಟುವ ಮೊದಲು ಬ್ರಿಟನ್ ಸರ್ಕಾರದ ಜಾಲತಾಣ ನೋಡಿಕೊಳ್ಳಿ.

ನಮ್ಮ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು ಫಿಯಾನ್ಸೆ ವೀಸಾ. ಮದುವೆಗೆ ಮೊದಲೇ ಅಲ್ಲಿಗೆ ಹೋಗಿ, ಆರು ತಿಂಗಳೊಳಗೆ ಅಲ್ಲೇ ಮದುವೆಯಾಗಿ, ಆಮೇಲೆ ಅಲ್ಲಿಂದಲೇ ಸಂಗಾತಿ ವೀಸಾಗೆ ಮತ್ತೆ ಅರ್ಜಿ ಹಾಕುವುದು. ಎರಡನೆಯದು ಮ್ಯಾರೇಜ್ ವಿಸಿಟರ್ ವೀಸಾ. ಅಲ್ಲಿ ಹೋಗಿ ಮದುವೆ ಮಾಡಿಕೊಳ್ಳಬಹುದು, ಆದರೆ ಅಲ್ಲೇ ಉಳಿಯುವಂತಿಲ್ಲ. ವಾಪಸ್ ಬಂದು ಭಾರತದಿಂದ ಸಂಗಾತಿ ವೀಸಾಗೆ ಅರ್ಜಿ ಹಾಕಬೇಕು. ಮೂರನೆಯದು ಊರಲ್ಲೇ ಮದುವೆಯಾಗಿ ನೇರವಾಗಿ ಸಂಗಾತಿ ವೀಸಾಗೆ ಅರ್ಜಿ ಹಾಕುವುದು.

ಇನ್ನೊಂದು ದಾರಿಯನ್ನೂ ಜನ ಹೇಳುತ್ತಾರೆ: ‘ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಮದುವೆಯಾಗು.’ ದಯವಿಟ್ಟು ಬೇಡ. ಸಾಮಾನ್ಯ ವಿಸಿಟರ್ ವೀಸಾದಲ್ಲಿ ಹೋದವರು ಬ್ರಿಟನ್‌ನಲ್ಲಿ ಮದುವೆಯಾಗುವಂತಿಲ್ಲ, ಮದುವೆಯ ನೋಟಿಸ್ (ಮದುವೆಯಾಗುತ್ತೇವೆ ಅಂತ ಕಚೇರಿಗೆ ಮೊದಲೇ ತಿಳಿಸುವುದು) ಕೊಡುವಂತೆಯೂ ಇಲ್ಲ. ಅಲ್ಲಿ ಒಂದು ಸಲ ಹೆಸರು ಕೆಟ್ಟರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಮೊದಲಿಗೆ ನಮ್ಮಿಬ್ಬರಿಗೂ ಫಿಯಾನ್ಸೆ ವೀಸಾ ಇಷ್ಟವಾಗಿತ್ತು. ಬೇಗ ಒಟ್ಟಿಗೆ ಇರಬಹುದು ಅನ್ನಿಸಿತ್ತು. ಅವನ ಅಮ್ಮನಿಗೂ ತಮ್ಮ ಹಳ್ಳಿಯ ಚರ್ಚಿನಲ್ಲಿ ಮಗನ ಮದುವೆ ನೋಡುವ ಆಸೆ. ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಕೂತು ಇಬ್ಬರೂ ಲೆಕ್ಕ ಹಾಕಿದೆವು.

ಆಗ ಫಿಯಾನ್ಸೆ ವೀಸಾಗೆ 1,938 ಪೌಂಡ್ ಇತ್ತು. ಮದುವೆಯಾದ ಮೇಲೆ ಅಲ್ಲಿಂದ ಹಾಕುವ ಅರ್ಜಿಗೆ 1,321 ಪೌಂಡ್. ಅದರ ಜೊತೆ ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗಾಗಿ ಮೊದಲೇ ಕಟ್ಟುವ ಆರೋಗ್ಯ ಸರ್‌ಚಾರ್ಜ್, ವರ್ಷಕ್ಕೆ 1,035 ಪೌಂಡಿನಂತೆ ಎರಡೂವರೆ ವರ್ಷಕ್ಕೆ 2,587.50. ಒಟ್ಟು 5,846.50 ಪೌಂಡ್. ಊರಲ್ಲಿ ಮದುವೆಯಾಗಿ ನೇರವಾಗಿ ಹೋದರೆ ವೀಸಾಗೆ ಅದೇ 1,938. ಆ ವೀಸಾ 33 ತಿಂಗಳಿನದು, ಸರ್‌ಚಾರ್ಜ್ ಮೂರು ವರ್ಷದ ಲೆಕ್ಕದಲ್ಲಿ 3,105. ಒಟ್ಟು 5,043 ಪೌಂಡ್. ಅಂದರೆ ಎಂಟುನೂರು ಪೌಂಡಿಗೂ ಜಾಸ್ತಿ ವ್ಯತ್ಯಾಸ.

ದುಡ್ಡಿನ ವ್ಯತ್ಯಾಸವನ್ನಾದರೂ ಹೇಗೋ ಹೊಂದಿಸಬಹುದಿತ್ತು. ನನ್ನ ಮನಸ್ಸು ಬದಲಾಗಲು ಬೇರೆ ಕಾರಣಗಳಿದ್ದವು. ಫಿಯಾನ್ಸೆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಮದುವೆಯಾಗಿ, ಎರಡನೇ ಅರ್ಜಿ ಹಾಕಿ, ಅದು ಮಂಜೂರಾಗುವ ತನಕ ಕೈಯಲ್ಲಿ ಸಂಬಳವಿಲ್ಲ. ಶಾಶ್ವತ ವಾಸಕ್ಕೆ ಬೇಕಾದ ಐದು ವರ್ಷದ ಲೆಕ್ಕದಲ್ಲಿ ಆ ತಿಂಗಳುಗಳು ಸೇರುವುದೂ ಇಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಅಲ್ಲಿಂದ ಹಾಕಿದ ಅರ್ಜಿ ತೀರ್ಮಾನವಾಗುವ ಮೊದಲು ದೇಶ ಬಿಟ್ಟು ಹೊರಟರೆ, ಆ ಅರ್ಜಿಯನ್ನು ವಾಪಸ್ ಪಡೆದ ಹಾಗೆ ಲೆಕ್ಕ. ನನ್ನ ಅಜ್ಜಿಗೆ ಎಂಬತ್ತು ದಾಟಿದೆ. ಅವರಿಗೆ ಏನಾದರೂ ಆದರೆ ನಾನು ಲೀಡ್ಸ್‌ನಲ್ಲಿ ಕೂತು ಫೋನಿನಲ್ಲಿ ಅಳಬೇಕಾಗುತ್ತಿತ್ತು. ಅದನ್ನು ನೆನೆಸಿಕೊಂಡೇ ನನಗೆ ನಿದ್ದೆ ಬರಲಿಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. ‘ಇಷ್ಟು ವರ್ಷ ನಿನ್ನ ಕಾಲ ಮೇಲೆ ನಿಂತಿದ್ದೀಯ. ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಪ್ರತಿಯೊಂದಕ್ಕೂ ಅವನನ್ನ ಕೇಳ್ತೀಯಾ ಮಗಳೇ?’ ಅಮ್ಮನ ಮಾತು ಇನ್ನೂ ಸರಳ. ‘ಧಾರೆ ಎರೆಯದೆ ಹೇಗೆ ಕಳಿಸೋದು?’ ಅವತ್ತು ರಾತ್ರಿ ಅವನಿಗೆ ಫೋನ್ ಮಾಡಿ, ಊರಲ್ಲೇ ಆಗೋಣ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಅಮ್ಮನಿಗೆ ನಾನೇ ಹೇಳುತ್ತೇನೆ ಅಂದ.

ಅತ್ತೆಗೆ ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ಕಾನೂನಿನ ಮದುವೆ ಬೇರೆಡೆ ಆಗಿದ್ದರೂ ಆಮೇಲೆ ಪ್ರಾರ್ಥನೆ ಮಾಡಿ ಆಶೀರ್ವಾದ ಪಡೆಯುವ ಒಂದು ವಿಧಿ ಇದೆ. ಅವರ ಪಾದ್ರಿಯೇ ಇದನ್ನು ಹೇಳಿದರು. ಅಲ್ಲಿಗೆ ಅವರೂ ಸಮಾಧಾನವಾದರು. ನಿಮ್ಮಲ್ಲೂ ಎರಡು ಮನೆಯವರ ಆಸೆ ಎರಡು ಕಡೆ ಎಳೆಯುತ್ತಿದ್ದರೆ ಕಾನೂನಿನ ಮದುವೆ ಮತ್ತು ಶಾಸ್ತ್ರದ ಮದುವೆಯನ್ನು ಬೇರೆ ಬೇರೆ ಇಟ್ಟು ಯೋಚಿಸಿ. ವೀಸಾಗೆ ಬೇಕಾದದ್ದು ಮೊದಲನೆಯದು ಮಾತ್ರ. ಎಲ್ಲಿ ಮದುವೆ ಅನ್ನುವುದನ್ನು ಮದುವೆಯ ದಿನ ಎಷ್ಟು ಚೆನ್ನಾಗಿರುತ್ತದೆ ಅನ್ನುವುದರಿಂದ ತೀರ್ಮಾನಿಸಬೇಡಿ. ಆಮೇಲಿನ ಒಂದು ವರ್ಷ ಹೇಗಿರುತ್ತದೆ ಅಂತ ನೋಡಿ: ಕೆಲಸ ಮಾಡಬಹುದೋ, ಬೇಕಾದಾಗ ಊರಿಗೆ ಬರಬಹುದೋ, ದುಡ್ಡು ಯಾರ ಕೈಯಲ್ಲಿರುತ್ತದೆ. ನಾನು ಗಟ್ಟಿಯಾಗಿ ಹೇಳುವುದು ಇದೊಂದನ್ನೇ.

ಊರಲ್ಲಿ ಮದುವೆ ಅಂದಮೇಲೆ ಮುಂದಿನ ಪ್ರಶ್ನೆ ಯಾವ ಕಾಯ್ದೆ ಅನ್ನುವುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಹಿಂದೂಗಳಾಗಿರಬೇಕು. ಅವನು ಕ್ರೈಸ್ತ. ದೇವಸ್ಥಾನದಲ್ಲಿ ತಾಳಿ ಕಟ್ಟಿ ಫೋಟೊ ತೆಗೆಸಿಕೊಂಡರೆ ನಮ್ಮಂಥವರಿಗೆ ಅದು ಕಾನೂನಿನ ಮದುವೆಯಾಗುವುದಿಲ್ಲ. ಹಾಗಾಗಿ ಬೇರೆ ಬೇರೆ ಧರ್ಮದವರೂ ಮದುವೆಯಾಗಬಹುದಾದ 1954ರ ಸ್ಪೆಷಲ್ ಮ್ಯಾರೇಜ್ ಆ್ಯಕ್ಟ್ ನಮ್ಮ ದಾರಿಯಾಯಿತು. ಇಬ್ಬರೂ ಹಿಂದೂಗಳಾಗಿದ್ದು ಒಬ್ಬರು ಬ್ರಿಟಿಷ್ ಪಾಸ್‌ಪೋರ್ಟ್ ಇರುವವರಾದರೆ ನಿಮ್ಮ ಕೆಲಸ ಎಷ್ಟೋ ಸುಲಭ. ಮುಂದಿನ ನೋಟಿಸಿನ ಕಥೆ ನಿಮಗೆ ಬೇಕಾಗುವುದಿಲ್ಲ.

ಈ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮೊದಲು ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ನಾನು ಕೆಲಸವನ್ನು ಮನೆಯಿಂದಲೇ ಮಾಡುವ ಅನುಮತಿ ಪಡೆದು ಮೊದಲೇ ಊರಿಗೆ ಬಂದಿದ್ದೆ. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ರದ್ದಾಗಿ ಮೊದಲಿನಿಂದ ಶುರು. ಅವನಿಗೆ ರಜೆ ಒಟ್ಟಿಗೆ ಅಷ್ಟು ಸಿಗುವುದಿಲ್ಲ. ನೋಟಿಸಿಗೆ ಸಹಿ ಹಾಕಲು ಒಮ್ಮೆ ಬಂದು ಹೋಗಿ, ಮದುವೆಗೆ ಮತ್ತೆ ಬಂದ. ವಿಮಾನದ ಖರ್ಚು ಎರಡು ಪಟ್ಟಾಯಿತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಅವನು ನಮ್ಮ ಮನೆಯಲ್ಲೇ ಉಳಿದುಕೊಂಡ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಅದಕ್ಕಿರುವ ಫಾರ್ಮ್ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಇದು ಹೋಟೆಲ್ಲಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಮನೆಗೂ ಇದೆ. ಪರಿಚಯದ ವಕೀಲರು ಮೊದಲೇ ಹೇಳಿದ್ದರಿಂದ ಅಪ್ಪ ಅವತ್ತೇ ಆನ್‌ಲೈನ್‌ನಲ್ಲಿ ತುಂಬಿಸಿದರು.

ಸಬ್ ರಿಜಿಸ್ಟ್ರಾರ್ ಆಫೀಸಿಗೆ ವಯಸ್ಸಿನ ದಾಖಲೆಗೆ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್, ಅವನ ಪಾಸ್‌ಪೋರ್ಟ್ ಮತ್ತು ವೀಸಾ, ಇಬ್ಬರ ಫೋಟೊ ಕೊಟ್ಟೆವು. ಅವನಿಗೆ ಬೇರೆ ಮದುವೆಯಾಗಿಲ್ಲ ಅನ್ನುವುದಕ್ಕೂ ದಾಖಲೆ ಕೇಳಿದರು. ಅದನ್ನು ಯಾವ ರೂಪದಲ್ಲಿ ಒಪ್ಪುತ್ತಾರೆ ಅನ್ನುವುದನ್ನು ನಿಮ್ಮ ಆಫೀಸಿನಲ್ಲಿ ಮೊದಲೇ ಕೇಳಿ, ಸಾಧ್ಯವಾದರೆ ಬರೆಸಿಕೊಳ್ಳಿ. ನಮಗೆ ಒಬ್ಬರು ಒಂದು ಹೇಳಿದರೆ ಮೇಜಿನ ಆ ಕಡೆ ಇನ್ನೊಬ್ಬರು ಬೇರೆ ಹೇಳಿದರು. ಅಪ್ಪ ಅಮ್ಮನ ಒಪ್ಪಿಗೆ ಪತ್ರವನ್ನೂ ಕೇಳಿದರು. ಕಾಯ್ದೆಯಲ್ಲಿ ಅದು ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ಆಗಿದ್ದರೆ ಸಾಕು. ಅಪ್ಪ ಪಕ್ಕದಲ್ಲೇ ನಿಂತಿದ್ದರಿಂದ ಮಾತು ಅಲ್ಲಿಗೇ ಮುಗಿಯಿತು.

ನನ್ನ ಹೆಸರೂ ಒಂದು ತೊಡಕಾಯಿತು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಅವೇ ಹೆಸರಿನ ಮುಂದೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವುದೇ ಇದು. ಬ್ರಿಟನ್ನಿನ ಅಧಿಕಾರಿಗೆ ಮೂರು ಬೇರೆ ಹೆಂಗಸರು ಅನ್ನಿಸಬಾರದು ಅಲ್ವಾ? ಎಲ್ಲ ಹೆಸರೂ ಒಬ್ಬಳದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಮದುವೆ ಸರ್ಟಿಫಿಕೇಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಬೇಕು ಅಂತ ಹಟ ಹಿಡಿದೆ. ನೀವೂ ಹಿಡಿಯಿರಿ.

ನೋಟಿಸ್ ಆಫೀಸಿನ ಬೋರ್ಡಿಗೆ ಬಿತ್ತು. ನಮ್ಮಿಬ್ಬರ ಹೆಸರು, ವಿಳಾಸ, ಎಲ್ಲ ಅಲ್ಲಿ. ಸಣ್ಣ ಊರು. ಆ ಆಫೀಸಿಗೆ ಜಮೀನಿನ ಕೆಲಸಕ್ಕೆ ದಿನಾ ಹತ್ತಾರು ಜನ ಬರುತ್ತಾರೆ. ಒಂದೇ ವಾರದಲ್ಲಿ ಅಪ್ಪನಿಗೆ ಫೋನು ಶುರುವಾದವು. ‘ಹೌದಾ, ಬಿಳಿಯನಂತೆ?’ ‘ನಿಮಗೆ ಗೊತ್ತಿದ್ದೇ ನಡೀತಿದೆಯಾ?’ ಅಪ್ಪ ಪ್ರತಿಯೊಬ್ಬರಿಗೂ ಸಮಾಧಾನವಾಗಿ ಒಂದೇ ಉತ್ತರ ಕೊಟ್ಟರು: ‘ನಾವೇ ಮಾಡಿಕೊಡ್ತಾ ಇದ್ದೀವಿ, ಬನ್ನಿ ಊಟಕ್ಕೆ.’ ದೊಡ್ಡಪ್ಪ ಮಾತ್ರ ಬಹಳ ದಿನ ಮನೆಗೆ ಬರಲಿಲ್ಲ. ಅಮ್ಮ ಸಂಜೆ ದೀಪ ಹಚ್ಚಿ ಸುಮ್ಮನೆ ಕೂರುತ್ತಿದ್ದರು. ಆ ತಿಂಗಳು ನನಗೆ ವೀಸಾ ಕಾಯುವುದಕ್ಕಿಂತ ಕಷ್ಟವಾಯಿತು.

ನಮ್ಮ ಮನೆಯಲ್ಲಿ ಒಪ್ಪಿಗೆ ಇತ್ತು. ಮನೆಯವರಿಗೆ ಹೆದರಿ ಮದುವೆಯಾಗುವ ಹುಡುಗ ಹುಡುಗಿಯರಿಗೆ ಈ ಬೋರ್ಡು ಎಷ್ಟು ಅಪಾಯ ಅಂತ ಅಲ್ಲಿ ನಿಂತಾಗ ಅರ್ಥವಾಯಿತು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಜೋಡಿ ಬಯಸದಿದ್ದರೆ ನೋಟಿಸನ್ನು ಪ್ರಕಟಿಸಬೇಕಿಲ್ಲ ಅಂತ ಹೇಳಿತ್ತು. ನಮ್ಮಲ್ಲಿ ಅದು ಇನ್ನೂ ಬೋರ್ಡಿಗೆ ಬೀಳುತ್ತದೆ. ಇದು ಬದಲಾಗಲೇಬೇಕು. ಇಂಗ್ಲೆಂಡಿನಲ್ಲೂ ನೋಟಿಸ್ ಕೊಟ್ಟು ಕನಿಷ್ಠ 28 ದಿನ ಕಾಯಬೇಕು, ಹೊರದೇಶದವರಿದ್ದರೆ ಅದು 70 ದಿನದ ತನಕ ಹೋಗಬಹುದು. ಕಾಯುವುದು ಎರಡು ಕಡೆಯೂ ಇದೆ. ಆದರೆ ಅಲ್ಲಿ ನೋಟಿಸ್ ನೋಡಿ ಯಾರೂ ಅಪ್ಪನಿಗೆ ಫೋನ್ ಮಾಡುವುದಿಲ್ಲ.

ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಅಪ್ಪನ ಗೆಳೆಯರಾದ ಒಬ್ಬ ಮೇಷ್ಟ್ರು, ನನ್ನ ಸೋದರಮಾವ, ಪಕ್ಕದ ಮನೆಯ ಅಕ್ಕ ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಹೋದೆವು. ಸರ್ವರ್ ಇಲ್ಲ ಅಂದರು. ಮಧ್ಯಾಹ್ನವಾಯಿತು, ಸರ್ವರ್ ಬರಲಿಲ್ಲ. ಮೇಷ್ಟ್ರಿಗೆ ಶಾಲೆಗೆ ಹೋಗಲೇಬೇಕಿತ್ತು. ಪುಣ್ಯಕ್ಕೆ ನನ್ನ ಗೆಳತಿ ಆಧಾರ್ ಇಟ್ಟುಕೊಂಡು ಬಂದಿದ್ದಳು, ಅವಳು ಸಾಕ್ಷಿಯಾದಳು. ನಾಲ್ಕನೆಯ ಒಬ್ಬರನ್ನು ಗುರುತಿನ ಚೀಟಿ ಸಮೇತ ಕರೆದುಕೊಂಡು ಹೋಗಿ.

ಈ ಕಾಯ್ದೆಯಲ್ಲಿ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಒಬ್ಬರಿಗೊಬ್ಬರು ‘ನಿನ್ನನ್ನು ಕಾನೂನುಬದ್ಧವಾಗಿ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸಿದ್ದೇನೆ’ ಅಂತ ಬಾಯಲ್ಲಿ ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಸರಿ. ನಾನು ಕನ್ನಡದಲ್ಲಿ ಹೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಕನ್ನಡದಲ್ಲೂ ಹೇಳಿದ. ರಾತ್ರಿಯೆಲ್ಲ ಅದನ್ನು ಬಾಯಿಪಾಠ ಮಾಡಿದ್ದನಂತೆ. ಸೋದರಮಾವ ಕಣ್ಣು ಒರೆಸಿಕೊಂಡರು. ಸರ್ಟಿಫಿಕೇಟ್ ಕೈಗೆ ಬಂದಾಗ ಆಫೀಸು ಮುಚ್ಚುವ ಹೊತ್ತು.

ಮಾರನೇ ದಿನ ಮನೆಯಂಗಳದಲ್ಲಿ ಚಪ್ಪರ ಹಾಕಿ ಧಾರೆ ಎರೆದರು. ಅತ್ತೆ ಮಾವನೂ ಬಂದಿದ್ದರು. ದೊಡ್ಡಪ್ಪನೂ ಬಂದು ಅಕ್ಷತೆ ಹಾಕಿ ಹೋದರು. ರಿಜಿಸ್ಟರ್ ಮೊದಲು, ಶಾಸ್ತ್ರ ಆಮೇಲೆ ಅಂತ ನಾವು ಬೇಕೆಂದೇ ಇಟ್ಟುಕೊಂಡೆವು. ಕರೆಯೋಲೆಯಲ್ಲಿ ಒಂದು ತಾರೀಕು, ಸರ್ಟಿಫಿಕೇಟಿನಲ್ಲಿ ಅದಕ್ಕಿಂತ ತಿಂಗಳು ತಡವಾದ ಇನ್ನೊಂದು ತಾರೀಕು ಇದ್ದರೆ ವೀಸಾ ಅಧಿಕಾರಿಗೆ ವಿವರಿಸುತ್ತಾ ಕೂರಬೇಕು. ಒಂದು ದಿನದ ವ್ಯತ್ಯಾಸ ಇದ್ದದ್ದನ್ನೂ ಪತ್ರದಲ್ಲಿ ಎರಡು ಸಾಲಿನಲ್ಲಿ ಬರೆದೆವು.

ವೀಸಾದ ಮುಖ್ಯ ಶರತ್ತು ಸಂಬಳ. 2024ರ ಏಪ್ರಿಲ್ 11ರಿಂದ ಹೊಸದಾಗಿ ಅರ್ಜಿ ಹಾಕುವವರ ಸಂಗಾತಿಗೆ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಆದಾಯ ಇರಬೇಕು. ಮೊದಲು ಅದು 18,600 ಇತ್ತು. ಆದಾಯ ಇಲ್ಲದಿದ್ದರೆ 88,500 ಪೌಂಡ್ ಉಳಿತಾಯ ತೋರಿಸಬಹುದು, ಆದರೆ ನಮ್ಮಂಥವರ ಹತ್ತಿರ ಅಷ್ಟು ಎಲ್ಲಿರುತ್ತದೆ? ಅವನ ಸಂಬಳ ಸಾಕಾಗುತ್ತಿತ್ತು. ಆದರೆ ಆಗಷ್ಟೇ ಕೆಲಸ ಬದಲಿಸಿದ್ದ. ಒಂದೇ ಕಂಪನಿಯಲ್ಲಿ ಆರು ತಿಂಗಳಾಗಿದ್ದರೆ ಆರು ತಿಂಗಳ ಪೇ ಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಸಾಕು. ಇಲ್ಲದಿದ್ದರೆ ಲೆಕ್ಕ ಬೇರೆ, ಕಾಗದವೂ ಜಾಸ್ತಿ. ಆರನೇ ಸಂಬಳ ಬರಲಿ ಅಂತ ಕಾದೆವು. ಒಂದು ತಿಂಗಳು ಪ್ರಯಾಣದ ಖರ್ಚೂ ಸೇರಿ ಬ್ಯಾಂಕಿಗೆ ಬಂದ ಮೊತ್ತ ಪೇ ಸ್ಲಿಪ್‌ಗಿಂತ ಹೆಚ್ಚಾಗಿತ್ತು. ಕಂಪನಿಯ ಪತ್ರದಲ್ಲಿ ಅದಕ್ಕೆ ವಿವರಣೆ ಹಾಕಿಸಿದ. ಎರಡೂ ಅಂಕಿ ಹೊಂದಬೇಕು, ಇಲ್ಲದಿದ್ದರೆ ಕಾರಣ ಇರಬೇಕು. ಈ ದಾಖಲೆಗಳ ಕೊನೆಯ ತಾರೀಕು ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಕಾದು ಕಾದು ಬೇರೆ ಕಾಗದ ಸೇರಿಸುವಷ್ಟರಲ್ಲಿ ಇವು ಹಳತಾಗುತ್ತವೆ. ಹಾಗಾಗಿ ಬ್ಯಾಂಕಿನ ಕಾಗದವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿ.

ನನ್ನ ಪಾಲಿಗೆ ಇಂಗ್ಲಿಷ್ ಮತ್ತು ಕ್ಷಯರೋಗದ ಪರೀಕ್ಷೆ. ಬಿಇ ಪೂರ್ತಿ ಇಂಗ್ಲಿಷಿನಲ್ಲಿ ಓದಿದ್ದರೂ ನಮ್ಮ ಡಿಗ್ರಿ ಹಾಗೇ ನಡೆಯುವುದಿಲ್ಲ. ಎಕ್ಟಿಸ್ ಅನ್ನುವ ಬ್ರಿಟನ್ನಿನ ಸಂಸ್ಥೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕು. ಅದಕ್ಕೆ ಕಾಲೇಜಿನಿಂದ ಇಂಗ್ಲಿಷ್ ಮಾಧ್ಯಮದ ಪತ್ರ ತರಬೇಕಿತ್ತು. ಕಾಲೇಜಿನ ಕೌಂಟರಿನಲ್ಲಿ ‘ನಾಳೆ ಬನ್ನಿ’ ಕೇಳಿ ಕೇಳಿ ಸಾಕಾಗಿ, ಎ1 ಅನ್ನುವ ತೀರಾ ಆರಂಭದ ಮಟ್ಟದ ಮಾತಾಡುವ, ಕೇಳುವ ಪರೀಕ್ಷೆಯನ್ನೇ ಬರೆದೆ. ಬೇಗ ಮುಗಿಯಿತು. ಸರ್ಕಾರ ಒಪ್ಪಿದ ಪರೀಕ್ಷೆಯೇ ಆಗಿರಬೇಕು, ಹೆಸರು ಸರಿಯಾಗಿ ನೋಡಿ ಬುಕ್ ಮಾಡಿ. ಕ್ಷಯದ ಪರೀಕ್ಷೆಯನ್ನು ಅವರ ಪಟ್ಟಿಯಲ್ಲಿರುವ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು. ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ.

ಸಂಬಂಧ ನಿಜ ಅಂತ ತೋರಿಸಲು ಫೋಟೊ, ವಿಮಾನದ ಟಿಕೆಟ್, ಚಾಟ್ ಕೊಟ್ಟೆವು. ಚಾಟ್ ಎಲ್ಲ ಸುರಿಯಬೇಡಿ. ಪರಿಚಯವಾದ ದಿನದಿಂದ ಇವತ್ತಿನ ತನಕ ಅಲ್ಲೊಂದು ಇಲ್ಲೊಂದು ಸಾಕು. ಅಮ್ಮನ ಜೊತೆ ಅವನು ಅಡಿಗೆಮನೆಯಲ್ಲಿ ಕಡುಬು ಕಟ್ಟುತ್ತಿದ್ದ ಫೋಟೊವನ್ನೂ ಹಾಕಿದೆವು. ಕನ್ನಡದಲ್ಲಿರುವ ಯಾವ ಕಾಗದ ಕೊಟ್ಟರೂ ಅನುವಾದ ಬೇಕು, ಅದರ ಮೇಲೆ ಅನುವಾದ ಮಾಡಿದವರ ಹೆಸರು, ಸಹಿ, ತಾರೀಕು, ಸಂಪರ್ಕ ಇರಬೇಕು.

ದುಡ್ಡು ಕಟ್ಟಿದ ದಿನ ಎದೆ ಧಸಕ್ಕೆಂದಿತು. ವೀಸಾ ಶುಲ್ಕ ಮತ್ತು ಪೂರ್ತಿ ಸರ್‌ಚಾರ್ಜ್ ಒಂದೇ ಸಲ. ರೂಪಾಯಿಯಲ್ಲಿ ಐದೂವರೆ ಲಕ್ಷ ದಾಟಿತು. ಅವನ ಕಾರ್ಡಿನ ಮಿತಿಯನ್ನು ಮೊದಲೇ ಹೆಚ್ಚಿಸಿಕೊಂಡಿದ್ದರಿಂದ ನಿಲ್ಲಲಿಲ್ಲ. ವೀಸಾ ನಿರಾಕರಿಸಿದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಆಮೇಲೆ ಬೆಂಗಳೂರಿಗೆ ಹೋಗಿ ಬೆರಳಚ್ಚು, ಫೋಟೊ ಕೊಟ್ಟೆ. ಅದು ಬೇಗ ಮುಗಿಯುವ ಕೆಲಸ.

ಕಾಯುವ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನಿದೆ? ದಿನಾ ಬೆಳಿಗ್ಗೆ ಎದ್ದ ಕೂಡಲೇ ಇಮೇಲ್ ನೋಡುತ್ತಿದ್ದೆ. ಮದುವೆಯಾದ ಮಗಳು ಇನ್ನೂ ತವರಲ್ಲೇ ಇದ್ದಾಳೆ ಅಂತ ಬೀದಿಯಲ್ಲಿ ಕೇಳುವವರು ಕೇಳಿದರು. ಅಜ್ಜಿ ಮಾತ್ರ ಖುಷಿಯಾಗಿದ್ದರು. ‘ಇನ್ನೂ ಸ್ವಲ್ಪ ದಿನ ಇರು, ಏನೀಗ’ ಅನ್ನುತ್ತಿದ್ದರು. ಕೆಲಸ ಬಿಟ್ಟಿರಲಿಲ್ಲ, ಅದೊಂದು ನನ್ನನ್ನು ಕಾಪಾಡಿತು. ವೀಸಾ ಕೈಗೆ ಬರುವ ತನಕ ನೀವೂ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ವಿಮಾನದ ಟಿಕೆಟ್ಟನ್ನೂ ತೆಗೆಯಬೇಡಿ.

ಮಂಜೂರಾಗಿ ಬಂದಾಗ ಪಾಸ್‌ಪೋರ್ಟಿನಲ್ಲಿ 90 ದಿನದ ಸ್ಟಿಕ್ಕರ್ ಇತ್ತು. ಅಷ್ಟರೊಳಗೆ ಹೊರಡಬೇಕಿತ್ತು. ನಿಜವಾದ ವೀಸಾ ಈಗ ಆನ್‌ಲೈನ್‌ನಲ್ಲಿರುತ್ತದೆ. ಮೊದಲು ಕೊಡುತ್ತಿದ್ದ ಪ್ಲಾಸ್ಟಿಕ್ ಕಾರ್ಡು 2024ಕ್ಕೆ ಮುಗಿಯಿತು. ಆನ್‌ಲೈನ್ ಖಾತೆ ತೆರೆದು, ಅದರಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯಾ ಅಂತ ನೋಡಿಕೊಂಡೆ. ಮದುವೆ ಸರ್ಟಿಫಿಕೇಟಿನ ಮೂಲಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಬಂದೆ.

ಇಲ್ಲಿಗೆ ಬಂದ ವಾರವೇ ಕೆಲಸಕ್ಕೆ ಅರ್ಜಿ ಹಾಕಲು ಶುರು ಮಾಡಿದೆ. ಅದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ. 33 ತಿಂಗಳು ಮುಗಿಯುವ ಮೊದಲು ಮತ್ತೆ 30 ತಿಂಗಳಿಗೆ ಅರ್ಜಿ ಹಾಕಬೇಕು, ಆಗ ಇಂಗ್ಲಿಷ್ ಒಂದು ಮೆಟ್ಟಿಲು ಮೇಲಿನ ಎ2 ಮಟ್ಟದ್ದು. ಒಂದೇ ಮನೆಯಲ್ಲಿ ಒಟ್ಟಿಗೆ ಬದುಕಿದ್ದಕ್ಕೆ ಆಗ ಕಾಗದ ಕೇಳುತ್ತಾರೆ. ಹಾಗಾಗಿ ಈಗಿನಿಂದಲೇ ಕೌನ್ಸಿಲ್ ತೆರಿಗೆ (ಮನೆಗಾಗಿ ಇಲ್ಲಿನ ಸ್ಥಳೀಯ ಸಂಸ್ಥೆಗೆ ಕಟ್ಟುವುದು), ಕರೆಂಟ್ ಬಿಲ್ಲು, ಬಾಡಿಗೆ ಕರಾರು ಎಲ್ಲದರಲ್ಲೂ ಇಬ್ಬರ ಹೆಸರು ಹಾಕಿಸುತ್ತಿದ್ದೇವೆ. ಬಂದ ಪ್ರತಿ ಪತ್ರವನ್ನೂ ಒಂದು ಫೈಲಿಗೆ ಹಾಕುತ್ತಿದ್ದೇನೆ.